ಜೀನ್ ಕೆಟ್ಟಿಲ್ಲ, ಕೆಲಸ ಜಾಸ್ತಿಯಾಗಿದೆ

ನಮಸ್ಕಾರ.

ಕಾರವಾರದಿಂದ ನೀವು ಕಳಿಸಿದ ಕಾಳಿ ನದಿಯ ಮೀನಿನ ಬಗೆಗಿನ ‘ಕಾಳಿಯ ಒಡಲಲ್ಲಿ ವಿಷ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಿಕ್ಕೆ ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ನಾಲ್ಕನೇ ಪುಟದಲ್ಲಿ ನಿಮ್ಮ ಅಮ್ಮ ಬರುತ್ತಾರೆ. ಮಾರ್ಕೆಟ್ಟಿನಿಂದ ತಂದ ಬಂಗಡೆಯ ಕಿವಿರಿಗೆ ಬೆರಳು ಹಾಕಿ ಕಿತ್ತು, ಕರುಳಿನ ಜೊತೆ ಬೆಕ್ಕಿಗೆ ಎಸೆಯುತ್ತಾರೆ. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ, ಅಲ್ವಾ? ಮೊದಲ ಮೂರು ಪುಟ ಬರೀ ಭೂಮಿತಾಯಿಯ ಕಣ್ಣೀರು. ತೆಗೆದುಬಿಡಿ.

‘ಕ್ಯಾಡ್ಮಿಯಂ ತಾಗಿದರೆ ಮೀನಿನ ಜೀನ್ ಕೆಟ್ಟುಹೋಗುತ್ತದೆ’ ಎಂದು ಐದು ಕಡೆ ಬರೆದಿದ್ದೀರಿ. ಕ್ಯಾಡ್ಮಿಯಂನಂಥ ವಿಷದ ಲೋಹದಿಂದ ಡಿಎನ್‌ಎಗೆ ಪೆಟ್ಟು ಬೀಳುವುದುಂಟು, ಆದರೆ ನೀವು ಎತ್ತಿಕೊಂಡ ವಿಷಯ ಅದಲ್ಲ, ಜೀನ್ ಅಭಿವ್ಯಕ್ತಿ. ಜೀನ್ ಅಭಿವ್ಯಕ್ತಿ ಅಂದರೆ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂಬ ಲೆಕ್ಕ. ಅಮ್ಮ ಬಂಗಡೆ ಸಾರು ಮಾಡುವ ಕ್ರಮ ಒಂದೇ. ನೆಂಟರು ಬಂದ ದಿನ ದೊಡ್ಡ ಪಾತ್ರೆ ಇಡುತ್ತಾರೆ, ಅಷ್ಟೇ.

ಮೀನಿನ ಮೈಯಲ್ಲಿ ಮೆಟಲೊಥಯೊನಿನ್ ಎಂಬ ಪುಟ್ಟ ಪ್ರೋಟೀನ್ ಇದೆ. 1957ರಲ್ಲಿ ಮೊದಲು ಸಿಕ್ಕಿದ್ದು ಕುದುರೆಯ ಕಿಡ್ನಿಯಲ್ಲಿ. ಅದರ ಮೂರರಲ್ಲೊಂದು ಪಾಲು ಸಿಸ್ಟೀನ್ ಎಂಬ ಅಮೈನೋ ಆಮ್ಲ. ಅದರಲ್ಲಿರುವ ಗಂಧಕ ಲೋಹವನ್ನು ಹಿಡಿದುಕೊಳ್ಳುತ್ತದೆ. ಮಾಮೂಲಿಯಾಗಿ ಅಲ್ಲಿ ಸತು ಕೂತಿರುತ್ತದೆ. ಕ್ಯಾಡ್ಮಿಯಂ ಬಂದು ಸತುವನ್ನು ಎಬ್ಬಿಸಿ ತಾನು ಕೂರುತ್ತದೆ. ಜಾಗ ಕಳೆದುಕೊಂಡ ಸತು ಎಂಟಿಎಫ್-1 ಎಂಬ ಇನ್ನೊಂದು ಪ್ರೋಟೀನಿಗೆ ಅಂಟುತ್ತದೆ. ಅದು ಮೆಟಲೊಥಯೊನಿನ್ ಜೀನಿನ ಬಾಗಿಲಲ್ಲಿ ಹೋಗಿ ಕೂತು, ಇನ್ನಷ್ಟು ಮಾಡು ಎಂದು ಹುಕುಂ ಹೊರಡಿಸುತ್ತದೆ. ಲಿವರ್, ಕಿವಿರು, ಕಿಡ್ನಿಯಲ್ಲಿ ಈ ಗಡಿಬಿಡಿ ಜಾಸ್ತಿ. ಇಷ್ಟನ್ನೂ ನೀವು ‘ದೇಹದ ವೀರಯೋಧರು ಹೋರಾಡುತ್ತಾರೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ ಮಾರಾಯ್ರೆ!

‘ಜೀನ್ 12 ಪಟ್ಟು ಏರಿತು’ ಎಂದಿದ್ದೀರಿ. ಯಾವ ಮೀನಿಗಿಂತ? ಕಾಳಿ ಸಮುದ್ರ ಸೇರುವ ಕೋಡಿಬಾಗದಲ್ಲಿ ಮೇ ತಿಂಗಳ ನೀರು ಉಪ್ಪು, ಜುಲೈಯಲ್ಲಿ ಸಪ್ಪೆ. ಉಪ್ಪಿನಂಶ, ಬಿಸಿ, ಮೊಟ್ಟೆ ಇಡುವ ಕಾಲ, ಇವುಗಳಿಂದಲೂ ಈ ಜೀನ್ ಏರಿಳಿಯುತ್ತದೆ. ಅದೇ ತಿಂಗಳಲ್ಲಿ ಹಿಡಿದ, ಅದೇ ಗಾತ್ರದ, ಒಳ್ಳೆ ನೀರಿನ ಮೀನು ಪಕ್ಕದಲ್ಲಿರದೆ 12 ಅನ್ನೋದು ಸುಮ್ನೆ ಒಂದು ಅಂಕಿ. ಕಾರ್ಖಾನೆಯ ಹೆಸರನ್ನು ನಾನೇ ಹೊಡೆದುಹಾಕಿದ್ದೇನೆ. ನೀರು ಪರೀಕ್ಷೆ ಮಾಡಿಸಿದ ಕಾಗದ ನಿಮ್ಮ ಹತ್ತಿರ ಇಲ್ಲವಲ್ಲ.

ಕೊನೆಯ ಸಾಲು, ‘ಕಿವಿರು ಕರುಳು ತೆಗೆದರೆ ವಿಷ ಹೋಯಿತು’, ಅಪಾಯದ ಮಾತು. ಕ್ಯಾಡ್ಮಿಯಂ ಮಟ್ಟಿಗೆ ಅದರಲ್ಲಿ ಒಂದಿಷ್ಟು ಸತ್ಯವಿದೆ. ಮೀಥೈಲ್ ಪಾದರಸ ಹಾಗಲ್ಲ, ಅದು ಮಾಂಸದಲ್ಲೇ ಸೇರಿಕೊಳ್ಳುತ್ತದೆ. ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಚಿಕ್ಕ ಮೀನು ತಿಂದು ಬೆಳೆಯುವ ಶಾರ್ಕ್‌ನಂಥ ದೊಡ್ಡ ಮೀನಿನಲ್ಲಿ ಜಾಸ್ತಿ, ತಾರ್ಲೆಯಲ್ಲಿ ಕಡಿಮೆ. (ಬೆಳಚು ಎಂಬ ಚಿಪ್ಪುಮೀನನ್ನು ನಾವು ಕರುಳು ಸಮೇತ ತಿನ್ನುತ್ತೇವೆ. ಅದು ಬೇರೆಯೇ ಲೇಖನ, ಬರೆಯುತ್ತೀರಾ?)

ಮೂರು ಪುಟಕ್ಕೆ ಇಳಿಸಿ ಕಳಿಸಿ. ಬೆಕ್ಕನ್ನು ಮಾತ್ರ ತೆಗೆಯಬೇಡಿ. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಜನರ ಕಾಯಿಲೆ ಬೆಳಕಿಗೆ ಬರುವ ಮೊದಲೇ, ಇದೇ ಪಾದರಸ ಸೇರಿದ ಮೀನು ತಿಂದ ಬೆಕ್ಕುಗಳು ತೂರಾಡಿ ಬೀಳುತ್ತಿದ್ದವು.