ಅಮೆರಿಕದ ಪಿಟ್ಸ್‌ಬರ್ಗ್‌ಗೆ ಹೋದಾಗ ಎಲ್ಲಿ ಊಟ ಮಾಡಬೇಕು?

ಎರಡೇ ದಿನ ಇರುವುದಾದರೆ ಮೊದಲು ಸ್ಟ್ರಿಪ್ ಡಿಸ್ಟ್ರಿಕ್ಟ್‌ಗೆ ಹೋಗಿ. ಒಂದು ಕಾಲದಲ್ಲಿ ಅದು ಸಗಟು ತರಕಾರಿ ಮಾರುಕಟ್ಟೆ. ಅಲ್ಲಿನ ಪ್ರಿಮಾಂಟಿ ಬ್ರದರ್ಸ್ 1933ರಿಂದ ಲಾರಿ ಚಾಲಕರ ಹೊಟ್ಟೆ ತುಂಬಿಸಿಕೊಂಡು ಬಂದ ಅಂಗಡಿ. ದಪ್ಪ ಇಟಾಲಿಯನ್ ಬ್ರೆಡ್ಡಿನ ನಡುವೆ ಮಾಂಸ, ಕರಗಿದ ಚೀಸ್, ವಿನೆಗರ್ ಬೆರೆಸಿದ ಎಲೆಕೋಸು, ಟೊಮೆಟೊ. ಸಾಲದೆಂಬಂತೆ ಬಿಸಿ ಬಿಸಿ ಆಲೂ ಫ್ರೈಗಳೂ ಒಳಗೇ! ಮಾಂಸ ತಿನ್ನದವರು ಮೊಟ್ಟೆ-ಚೀಸ್ ಕೇಳಿ ಪಡೆಯಬಹುದು. ರುಚಿಗಿಂತ ಗಾತ್ರ ಹೆಚ್ಚು ಎಂಬುದು ನನ್ನ ಅಭಿಪ್ರಾಯ, ಆದರೂ ಒಮ್ಮೆ ತಿನ್ನಲೇಬೇಕು.

ನನ್ನ ಮೆಚ್ಚಿನದು ಅದೇ ಬೀದಿಗಳಲ್ಲಿರುವ ಪಮೇಲಾಸ್. ಅಲ್ಲಿಯ ಹಾಟ್‌ಕೇಕ್ ತೆಳ್ಳಗೆ, ಅಂಚು ಗರಿಗರಿ. ನೀರುದೋಸೆ ತಿಂದು ಬೆಳೆದವರಿಗೆ ಬೇಗ ಒಗ್ಗುತ್ತದೆ. ಬೆಳಿಗ್ಗೆಯೇ ಹೋಗಿ, ಸಂಜೆಗೆ ಸಿಗುವುದಿಲ್ಲ.

ಪೂರ್ವ ಯುರೋಪಿನ ವಲಸಿಗರು ತಂದ ಪಿಯೆರೋಗಿಯನ್ನೂ ಬಿಡಬೇಡಿ. ಆಲೂಗಡ್ಡೆ ಹೂರಣ ತುಂಬಿ ಬೇಯಿಸಿದ ಕಡುಬು, ಬೆಣ್ಣೆಯಲ್ಲಿ ಹುರಿದ ಈರುಳ್ಳಿಯೊಂದಿಗೆ ಬಡಿಸುತ್ತಾರೆ. ಹಳೆಯ ಚರ್ಚನ್ನೇ ಬಿಯರ್ ತಯಾರಿಕಾ ಘಟಕವಾಗಿಸಿದ ಚರ್ಚ್ ಬ್ರೂ ವರ್ಕ್ಸ್ ಅದಕ್ಕೆ ಹೆಸರಾದ ಜಾಗಗಳಲ್ಲೊಂದು.

ಶುದ್ಧ ಸಸ್ಯಾಹಾರವೇ ಬೇಕೆಂದರೆ ಕಾರು ಹಿಡಿದು ಪೆನ್ ಹಿಲ್ಸ್‌ನ ಶ್ರೀ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿ. ದರ್ಶನ ಮುಗಿಸಿ ಅಲ್ಲಿನ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನಬಹುದು.