ವಿಲ್ಲೋಬ್ರೂಕ್ ಮುಚ್ಚಿದ ಮೇಲೆ ಅಲ್ಲಿದ್ದವರು ಎಲ್ಲಿಗೆ ಹೋದರು?

ಅಮೆರಿಕದಲ್ಲಿ ಬುದ್ಧಿಮಾಂದ್ಯರಿಗೆಂದು ಇದ್ದ ದೊಡ್ಡ ಸರ್ಕಾರಿ ಸಂಸ್ಥೆಗಳು ಯಾಕೆ ಮುಚ್ಚಿಹೋದವು, ಅಲ್ಲಿದ್ದವರ ಗತಿ ಏನಾಯಿತು ಅಂತ ಕೇಳಿದ್ದೀರಿ. ನಾನು ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡಿನಲ್ಲಿ, ಇಂಥವರ ಗ್ರೂಪ್ ಹೋಮ್ ಒಂದರಲ್ಲಿ, ಅಂದರೆ ಕೆಲವರನ್ನು ಒಟ್ಟಿಗೆ ಇಟ್ಟು ನೋಡಿಕೊಳ್ಳುವ ಸಣ್ಣ ಮನೆಯಲ್ಲಿ, ಕೆಲಸ ಮಾಡುತ್ತೇನೆ. ಇಲ್ಲೇ ಇದ್ದ ಅಂಥದೊಂದು ಸಂಸ್ಥೆ ವಿಲ್ಲೋಬ್ರೂಕ್ ಬಗ್ಗೆ ಹೇಳುತ್ತೇನೆ.

ಅದು 4,000 ಜನರಿಗೆಂದು ಕಟ್ಟಿದ್ದು. 1965ರಲ್ಲಿ ನ್ಯೂಯಾರ್ಕಿನ ಸೆನೆಟರ್ ರಾಬರ್ಟ್ ಕೆನಡಿ ಹೋಗಿ ನೋಡಿದಾಗ ಒಳಗೆ 6,000ಕ್ಕೂ ಜಾಸ್ತಿ ಜನ. ಎಷ್ಟೋ ಮಕ್ಕಳ ಮೈಮೇಲೆ ಬಟ್ಟೆಯಿಲ್ಲ, ವಾರ್ಡು ತುಂಬ ದುರ್ನಾತ. ಬೇಕೆಂದೇ ಮಕ್ಕಳಿಗೆ ಹೆಪಟೈಟಿಸ್ ಅಂಟಿಸಿ ಪ್ರಯೋಗವನ್ನೂ ಮಾಡಿದ್ದರು. ಕೆನಡಿ ಸಿಟ್ಟಿನಿಂದ ಮಾತಾಡಿದರು, ಸುದ್ದಿಯಾಯಿತು, ತಣ್ಣಗಾಯಿತು. 1972ರಲ್ಲಿ ಮೈಕಲ್ ವಿಲ್ಕಿನ್ಸ್ ಎಂಬ ಡಾಕ್ಟರನ್ನು ಅಲ್ಲಿಂದ ಕೆಲಸದಿಂದ ತೆಗೆದರು. ವಾರ್ಡಿನ ಕೀಲಿ ಅವರ ಹತ್ತಿರವೇ ಉಳಿದಿತ್ತು. ಅದೇ ಕೀಲಿಯಿಂದ ಪತ್ರಕರ್ತ ಜೆರಾಲ್ಡೊ ರಿವೇರಾ ಕ್ಯಾಮೆರಾ ಜೊತೆ ಒಳಗೆ ಹೋದರು. ಟೀವಿಯಲ್ಲಿ ನೋಡಿದ ಜನ ಬೆಚ್ಚಿಬಿದ್ದರು. ಅಪ್ಪ ಅಮ್ಮಂದಿರು ಕೋರ್ಟಿಗೆ ಹೋದರು. 1975ರಲ್ಲಿ ಅಲ್ಲಿದ್ದವರನ್ನು ಸಣ್ಣ ಮನೆಗಳಿಗೆ ಕಳಿಸಬೇಕು ಅಂತ ಕೋರ್ಟಿನಲ್ಲಿ ಒಪ್ಪಂದವಾಯಿತು, 1987ರಲ್ಲಿ ಬೀಗ ಬಿತ್ತು.

ಟೀವಿಯಿಂದಲೇ ಎಲ್ಲ ಆಗಲಿಲ್ಲ. ನನ್ನ ಪ್ರಕಾರ ದುಡ್ಡಿನ ದಾರಿ ಬದಲಾದದ್ದು ದೊಡ್ಡ ಕಾರಣ. ಮೊದಲು ಇಂಥವರ ಆರೈಕೆಗೆ ಮೆಡಿಕೈಡ್ (ಬಡವರಿಗೆ, ಅಂಗವಿಕಲರಿಗೆ ಸರ್ಕಾರ ಕೊಡುವ ಆರೋಗ್ಯ ನೆರವು) ದುಡ್ಡು ಹೆಚ್ಚಾಗಿ ಸಂಸ್ಥೆಗಳಿಗೇ ಹೋಗುತ್ತಿತ್ತು. 1981ರ ಕಾನೂನಿನಿಂದ ಅದನ್ನು ಸ್ವಂತ ಮನೆಯಲ್ಲೋ ಗ್ರೂಪ್ ಹೋಮಿನಲ್ಲೋ ಇಟ್ಟು ನೋಡಿಕೊಳ್ಳುವುದಕ್ಕೂ ಬಳಸಬಹುದಾಯಿತು. 1967ರಲ್ಲಿ ದೇಶದ ಸರ್ಕಾರಿ ಸಂಸ್ಥೆಗಳಲ್ಲಿ ಸುಮಾರು 1,95,000 ಜನ ಇದ್ದರು. ಈಗ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ.

ಅಲ್ಲಿಂದ ಬಂದ ಅಜ್ಜ ಒಬ್ಬರು ನಮ್ಮಲ್ಲಿದ್ದರು. ಊಟಕ್ಕೆ ಕೂತರೆ ಎಡಗೈಯನ್ನು ತಟ್ಟೆಗೆ ಬೇಲಿ ಥರ ಇಟ್ಟುಕೊಂಡು ಗಬಗಬ ತಿನ್ನುತ್ತಿದ್ದರು. ವಿಲ್ಲೋಬ್ರೂಕ್ ಬಿಟ್ಟು ಎಷ್ಟು ವರ್ಷವಾದರೂ ಆ ಕೈ ಸರಿಯಲಿಲ್ಲ. ರಾತ್ರಿ ಮಲಗುವ ಮುಂಚೆ ಸುಮ್ನೆ ಫ್ರಿಜ್ ಬಾಗಿಲು ತೆಗೆದು ನೋಡುತ್ತಿದ್ದರು. ಏನೂ ತೆಗೆದುಕೊಳ್ಳುತ್ತಿರಲಿಲ್ಲ. ನಾಳೆಗೆ ಹಾಲು, ಮೊಟ್ಟೆ ಇದೆ ಅಂತ ಕಂಡರೆ ಸಾಕು, ಹೋಗಿ ಮಲಗುತ್ತಿದ್ದರು.

ಹೊರಗೆ ಬಂದವರಲ್ಲಿ ತುಂಬಾ ಜನ ಇಂಥ ಸಣ್ಣ ಮನೆಗಳಿಗೆ ಬಂದರು. ಇಲ್ಲೂ ಕಷ್ಟ ಇದೆ. ನಮ್ಮಂಥವರಿಗೆ ಸಂಬಳ ಕಮ್ಮಿ, ಕಲಿತವರು ಬಿಟ್ಟು ಹೋಗುತ್ತಾರೆ. ಎಷ್ಟೋ ರಾಜ್ಯಗಳಲ್ಲಿ ಇಂಥ ನೆರವಿಗೆ ವರ್ಷಗಟ್ಟಲೆ ವೇಟಿಂಗ್ ಲಿಸ್ಟ್. ಎಂಬತ್ತು ದಾಟಿದ ತಾಯಿ "ನನ್ನ ನಂತರ ಇವನಿಗೆ ಯಾರು?" ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರುವುದಿಲ್ಲ. ಹಾಗಂತ ಆ ವಾರ್ಡುಗಳನ್ನು ಮತ್ತೆ ತೆರೆಯಿರಿ ಅಂತ ನಾನಂತೂ ಹೇಳಲಾರೆ.

ನಿಮ್ಮ ಮನೆಯಲ್ಲೇ ಇಂಥ ಮಗು ಇದ್ದು, ನೀವೂ ನ್ಯೂಯಾರ್ಕ್ ಕಡೆಯವರಾದರೆ ಸಂಕೋಚ ಬೇಡ, ಕೇಳಿ. ಅರ್ಜಿ ಎಲ್ಲಿಂದ ಶುರು ಮಾಡಬೇಕು ಅಂತ ಹೇಳುತ್ತೇನೆ.