ಶಿರಸಿ ಜಾತ್ರೆ ಮುಗಿದ ವಾರ ಉಡಿ ಸೇವೆ ಸಿಗುತ್ತದೆಯೇ?

ಸಿಗುವುದಿಲ್ಲ. ಗದ್ದಲ ಇಳಿದ ಮೇಲೆ ಆರಾಮಾಗಿ ಬಂದು ಉಡಿ ತುಂಬೋಣ ಎಂದು ನೀವು ಕೇಳಿದ್ದೀರಿ. ಸುಮಾರು ಜನ ಎಡವುವುದೇ ಇಲ್ಲಿ. ಜಾತ್ರೆ ಮುಗಿದರೆ ಯುಗಾದಿಯ ದಿನ ಮರುಪ್ರತಿಷ್ಠೆ ಆಗುವವರೆಗೆ ಮಾರಿಕಾಂಬೆಯ ದರ್ಶನವಿಲ್ಲ.

ಜಾತ್ರೆಯ ದಿನಗಳಲ್ಲೂ ನೇರ ದೇವಸ್ಥಾನಕ್ಕೆ ಹೋಗಬೇಡಿ. ರಾತ್ರಿ ಕಲ್ಯಾಣೋತ್ಸವ ಮುಗಿದ ಮರುಬೆಳಗ್ಗೆ ಅಮ್ಮ ರಥವೇರಿ ಊರೊಳಗಿನ ಜಾತ್ರೆ ಬಯಲಾದ ಬಿಡಕಿಬೈಲಿನ ಗದ್ದುಗೆಗೆ ಬರುತ್ತಾಳೆ. ಹಣ್ಣುಕಾಯಿ, ಉಡಿ, ತುಲಾಭಾರ ಎಲ್ಲ ಅಲ್ಲೇ. ಉಡಿಗೆ ಅಕ್ಕಿ, ಜುಟ್ಟು ಬಿಡಿಸದ ತೆಂಗಿನಕಾಯಿ, ಕುಪ್ಪಸದ ಕಣ, ಹಸಿರು ಬಳೆ, ಅರಿಶಿನ-ಕುಂಕುಮ, ಎಲೆ-ಅಡಿಕೆ ಸಾಕು. ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತನ್ನಿ. ತೆಳು ಪ್ಲಾಸ್ಟಿಕ್ ಚೀಲ ಸರದಿಯ ನೂಕಾಟದಲ್ಲಿ ಹರಿದು ಅಕ್ಕಿಯೆಲ್ಲ ಕಾಲಡಿಗೆ ಹೋಗುತ್ತದೆ.

ಇನ್ನು ಹಿನ್ನೆಲೆ. ದೇವಸ್ಥಾನ 1688ರದ್ದು. ಕುಲ ಮುಚ್ಚಿಟ್ಟು ಮದುವೆಯಾದ ಗಂಡನ ಮೇಲೆ ಸಿಟ್ಟಾದ ಹೆಣ್ಣೇ ಮಾರಿ ಎಂಬುದು ಐತಿಹ್ಯ. ಮೊದಲು ಮದುವೆ, ಕೊನೆಗೆ ಜಾತ್ರೆಗೆಂದೇ ಹಾಕಿದ ಮಾತಂಗಿ ಚಪ್ಪರಕ್ಕೆ ಬೆಂಕಿ, ಈ ಕ್ರಮ ಅದರಿಂದ ಬಂದದ್ದು. (ಜಾತಿಯ ಬಗ್ಗೆ ಆ ಕಥೆ ಹೇಳುವುದನ್ನು ಇವತ್ತು ಹಾಗೇ ಒಪ್ಪಬೇಕಿಲ್ಲ.) ಕೋಣನ ಬಲಿ ಈಗಿಲ್ಲ, 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಕಾಲದ ಬದಲಾವಣೆ ಅದು.

ಜಾತ್ರೆ ಎರಡು ವರ್ಷಕ್ಕೊಮ್ಮೆ, ಸರಿಸಂಖ್ಯೆಯ ಇಸವಿಗಳಲ್ಲಿ. ಈ ಸಲ ತಪ್ಪಿದರೆ ಯುಗಾದಿ ಕಳೆದು ಬನ್ನಿ, ಉಡಿ ಸೇವೆ ದೇವಸ್ಥಾನದಲ್ಲೇ ನಡೆಯುತ್ತದೆ.